ಅಂಗೈಯ ಬಣ್ಣ

ಮಾರ್ಚ್ ೩, ಸೋಮವಾರ

ಡಾಕ್ಟರು ಹೇಳಿದರೆಂದು ಬರೆಯುತ್ತಿದ್ದೇನೆ, ಇಲ್ಲದಿದ್ದರೆ ಇಂಥದ್ದೆಲ್ಲ ನನಗೆ ಆಗಿಬರುವುದಿಲ್ಲ. ಬಿಪಿ ಏರಿದೆ, ಸಿಟ್ಟು ಬಂದಾಗ ಕೂಗಾಡುವ ಬದಲು ಬರೆದಿಡಿ ಎಂದರು. ನಮ್ಮವರು ಅದೇ ಸಂಜೆ ಈ ದಪ್ಪ ಪುಸ್ತಕ ತಂದರು. ಇಷ್ಟು ದಪ್ಪದ್ದು ಯಾಕೆ ಎಂದು ಕೇಳಿದರೆ, ನಿನ್ನ ಸಿಟ್ಟಿನ ಅಳತೆ ಗೊತ್ತಿರುವವನು ನಾನು ತಾನೇ ಎಂದು ನಕ್ಕರು. ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸಿ ವಿಂಗಡಿಸಿ ಈ ಮನುಷ್ಯನಿಗೆ ಎಲ್ಲವೂ ತಮಾಷೆಯೇ.

ಈ ತಿಂಗಳು ನನ್ನ ತಲೆ ತಣ್ಣಗಿರಬೇಕು. ನಮ್ಮ ಕೃತಕ ಅಂಗಗಳ ಕಾರ್ಯಾಗಾರದಲ್ಲಿ ಬಣ್ಣದ ಕೋಣೆಯ ಮುಖ್ಯಸ್ಥೆ ನಿವೃತ್ತರಾಗುತ್ತಿದ್ದಾರೆ. ಆ ಕುರ್ಚಿ ನನಗೇ ಎಂದು ಸಾಹೇಬರು ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಹೇಳಿದ್ದಾರೆ. ಬೇರೆ ಯಾರಿಗೆ ಕೊಡುತ್ತಾರೆ? ಸಿಲಿಕಾನಿನ ಕೈ ಇರಲಿ, ಕಿವಿ ಇರಲಿ, ನಾನು ಬಣ್ಣ ಕೂಡಿಸಿದರೆ ಹುಟ್ಟಿದ್ದು ಯಾವುದು, ಮಾಡಿದ್ದು ಯಾವುದು ಎಂದು ಹೆತ್ತ ತಾಯಿಗೂ ಗೊತ್ತಾಗುವುದಿಲ್ಲ. ಜಂಬವಲ್ಲ, ಇದ್ದದ್ದು ಹೇಳಿದೆ.

ಇವತ್ತು ಬಂದ ಹೊಸ ಕೇಸು ಒಬ್ಬ ಹಡಗಿನವಳು. ಅವರ ಮುತ್ತಜ್ಜಂದಿರು ಯಾವುದೋ ಕಾಲದಲ್ಲಿ ಹಡಗಿನಲ್ಲಿ ಬಂದು ಬಂದರಿನ ಹಿಂದಿನ ಗಲ್ಲಿಗಳಲ್ಲಿ ಬೀಡುಬಿಟ್ಟವರು, ಊರೆಲ್ಲ ಕರೆಯುವುದೇ ಹಾಗೆ. ಕಡುಗಪ್ಪು ಮೈ, ಬಿಗಿ ಸುರುಳಿಯ ಕೂದಲು, ಬಾಗಿಲು ತುಂಬುವಷ್ಟು ಎತ್ತರ. ಬಸ್ಸು ಮಗುಚಿ ಎಡಗೈ ಮಣಿಕಟ್ಟಿನವರೆಗೂ ಹೋಗಿದೆ. ಪಾಪ ಅನ್ನಿಸಿತು, ಇಲ್ಲವೆಂದಲ್ಲ. ಆದರೂ ಮೇಜಿನ ಮೇಲಿದ್ದ ನನ್ನ ಕೈಚೀಲ ತೆಗೆದು ಬೀರುವಿನಲ್ಲಿಟ್ಟೆ.

ಶಿಶುವಿಹಾರದಲ್ಲಿ ಟೀಚರಂತೆ. ಹೂಂ, ಈಗ ಅದೂ ಆಯಿತು. ತೋಳಿನ ಮೊಂಡು ತುದಿ ಕಂಡು ಪುಟ್ಟ ಮಕ್ಕಳು ಹೆದರುತ್ತಾರೆಂದು ಪೋಷಕರ ದೂರು. ನೋಡುವ ಹಾಗೆ ಒಂದು ಕೈ ಆದರೆ ಏಪ್ರಿಲ್‌ನಲ್ಲಿ ಶಾಲೆ ಶುರುವಾದಾಗ ತರಗತಿ, ಆಗದಿದ್ದರೆ ಉಗ್ರಾಣದಲ್ಲಿ ಸಾಮಾನು ಕಾಯುವ ಕೆಲಸ ಎಂದು ಅಲ್ಲಿನ ಹೆಡ್‌ಮಿಸ್ ಹೇಳಿದ್ದಾರಂತೆ. ಇಷ್ಟನ್ನೂ ನಾನು ಕೇಳದೆಯೇ ಹೇಳಿದಳು. ನಮ್ಮ ಭಾಷೆಯನ್ನು ನಮ್ಮಷ್ಟೇ ಚೆನ್ನಾಗಿ ಮಾತಾಡುತ್ತಾಳೆ, ಅದೊಂದು ಆಶ್ಚರ್ಯ.

ನಮ್ಮ ಕೋಣೆಯಲ್ಲಿ ಒಂದು ಕಟ್ಟುಪಾಡಿದೆ. ಬಣ್ಣ ನೋಡುವಾಗ ಬಂದವರನ್ನು ಕಿಟಕಿಯ ಬಳಿ ಕೂರಿಸಿ, ಅವರ ಒಳ್ಳೆಯ ಕೈಯನ್ನು ನಮ್ಮ ಕೈಯಲ್ಲಿ ಹಿಡಿದು, ಹಗಲು ಬೆಳಕಿನಲ್ಲಿ ತಿರುಗಿಸಿ ತಿರುಗಿಸಿ ನೋಡಬೇಕು. ಅದಕ್ಕೇ ಹಲವು ಬೆಳಿಗ್ಗೆ ಬೇಕು. ಅವಳು ಬಂದವಳೇ ಕಿಟಕಿಯ ಕುರ್ಚಿಯಲ್ಲಿ ಕೂತಳು. ನಾನು, ಅಲ್ಲಿ ಬಿಸಿಲು, ಈ ಸ್ಟೂಲ್ ಮೇಲೆ ಕೂತ್ಕೋಮ್ಮ ಎಂದು ಟ್ಯೂಬ್‌ಲೈಟಿನ ಕೆಳಗೆ ಕೂರಿಸಿದೆ. ಅವಳು ಮೇಜಿನ ಮೇಲೆ ಕೈ ಚಾಚಿದಳು. ಬಣ್ಣದ ಚೂರುಗಳನ್ನು ದೂರದಿಂದಲೇ ಹಿಡಿದು ನೋಡಿ, ಸಾಕು ಎಂದೆ. ಕಪ್ಪಿಗೆ ನೋಡುವುದೇನಿದೆ? ನಮ್ಮವರಲ್ಲಾದರೆ ಗೋಧಿ ಬಣ್ಣ, ಎಣ್ಣೆಗೆಂಪು, ತಿಳಿ ಹಳದಿ ಎಂದು ನೂರು ಬಗೆ.

ಮಾರ್ಚ್ ೭, ಶುಕ್ರವಾರ

ಹಡಗಿನವಳ ಕೈಗೆ ಒಂದೇ ಸಲಕ್ಕೆ ಬಣ್ಣ ಕೂಡಿಬಂತು. ಕಪ್ಪು, ಸ್ವಲ್ಪ ಕಂದು, ಮುಗಿಯಿತು. ಮಧ್ಯೆ ಅವಳೇ ಬಂದು ಬಾಗಿಲಲ್ಲಿ ನಿಂತು, ಇನ್ನೊಮ್ಮೆ ಕೂರಬೇಕಾ ಎಂದು ಕೇಳಿದಳು. ಬೇಡ, ಹೇಳಿ ಕಳಿಸ್ತೀವಿ ಎಂದೆ. ಸಂಜೆ ಓವನ್‌ಗೆ ಇಟ್ಟು ಬಂದೆ. ಬಿಪಿ ಇಳಿದಿದೆ.

ಮಾರ್ಚ್ ೧೨, ಬುಧವಾರ

ಎಲ್ಲಿಂದ ಶುರು ಮಾಡಲಿ. ಮೈಯೆಲ್ಲ ಉರಿಯುತ್ತಿದೆ.

ಕೈ ತೊಡಿಸಿದೆ. ಅಚ್ಚು ಅಚ್ಚುಕಟ್ಟಾಗಿ ಕೂತಿತ್ತು, ಅದರಲ್ಲಿ ಅಚ್ಚಿನಣ್ಣನನ್ನು ಮೀರಿಸುವವರಿಲ್ಲ. ಪ್ಲಾಸ್ಟರ್ ಕೋಣೆಯಲ್ಲಿ ಅಚ್ಚು ತೆಗೆಯುವುದೇ ಅವನ ಕೆಲಸ. ಅವಳು ಎರಡೂ ಕೈ ಜೋಡಿಸಿ ಮೇಜಿನ ಮೇಲಿಟ್ಟಳು. ನೋಡಿದಳು. ಆಮೇಲೆ ಎರಡನ್ನೂ ಅಂಗಾತ ಮಾಡಿದಳು.

ಅವಳ ಅಂಗೈ ಕಪ್ಪಲ್ಲ. ತಿಳಿಯಾಗಿದೆ, ನಸುಗೆಂಪು ಬೆರೆತ ಕೆನೆಯ ಬಣ್ಣ, ಗೆರೆಗಳು ಮಾತ್ರ ಕಂದು. ಬೆರಳ ತುದಿಗಳೂ ಹಾಗೆಯೇ. ನಾನು ಮಾಡಿದ ಕೈ ಹಿಂದೆ ಮುಂದೆ, ಒಳಗೆ ಹೊರಗೆ ಎಲ್ಲ ಒಂದೇ ಮಸಿ. ಅದಕ್ಕೆ ಗೊಂಬೆಗೆ ಅಂಟಿಸುವಂಥ ಗುಲಾಬಿ ಉಗುರು. ಇಷ್ಟು ವರ್ಷ ಕೈಗಳನ್ನೇ ನೋಡಿ ಅನ್ನ ತಿಂದ ನನಗೆ ಇದು ಗೊತ್ತಿರಲಿಲ್ಲ. ಹೇಗೆ ಗೊತ್ತಿರಬೇಕು? ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿರುತ್ತಾರೆ, ಯಾರು ಅವರ ಅಂಗೈ ನೋಡುತ್ತಾರೆ?

"ಇದು ಯಾರ ಕೈ?" ಎಂದು ಕೇಳಿದಳು. ದನಿ ಏರಿಸಲಿಲ್ಲ. ಏರಿಸಿದ್ದರೆ ನನಗೆ ಅನುಕೂಲವಾಗುತ್ತಿತ್ತು, ನಾನೂ ಏರಿಸಬಹುದಿತ್ತು.

ಟ್ಯೂಬ್‌ಲೈಟಿನಲ್ಲಿ ಹಾಗೆ ಕಾಣುತ್ತದೆ, ಬಿಸಿಲಿಗೆ ಹೋದರೆ ಹೊಂದುತ್ತದೆ ಎಂದೆ. ಅವಳು ಕಿಟಕಿಯ ಬಳಿ ಹೋಗಿ ಬಿಸಿಲಿಗೆ ಹಿಡಿದು ನೋಡಿ ವಾಪಸು ಬಂದಳು. ಹೊಸ ಮಕ್ಕಳು ಶುಕ್ರವಾರ ಶಾಲೆ ನೋಡಲು ಬರುತ್ತಾರಂತೆ, ಹೆಡ್‌ಮಿಸ್ ಅವತ್ತೇ ಅವಳನ್ನೂ ನೋಡುತ್ತಾರಂತೆ. ಖಾಲಿ ತೋಳಿಗಿಂತ ವಾಸಿ ಎಂದು ಅದನ್ನೇ ತೊಟ್ಟು ಹೋದಳು.

ತೊಟ್ಟು ಹೋದಳಲ್ಲ, ಹಾಗಾದರೆ ಅಷ್ಟೇನೂ ಕೆಟ್ಟದಾಗಿರಲಿಲ್ಲ.

ಮಾರ್ಚ್ ೧೮, ಮಂಗಳವಾರ

ಶಿಶುವಿಹಾರದ ಹೆಡ್‌ಮಿಸ್ ಫೋನ್ ಮಾಡಿದ್ದರು. ಸಾಹೇಬರು ಹೊರಗೆ ಹೋಗಿದ್ದರು, ನಾನೇ ಎತ್ತಿದೆ.

ಶುಕ್ರವಾರ ಒಂದು ಮಗು ಆ ಕೈ ಮುಟ್ಟಿ ಕಿಟಾರನೆ ಕಿರುಚಿತಂತೆ. ಸುಟ್ಟ ಕೈ, ಸುಟ್ಟ ಕೈ ಎಂದು ಅದು ಅತ್ತಿತಂತೆ, ಉಳಿದವೂ ಅತ್ತು ತಾಯಂದಿರೆಲ್ಲ ಎದ್ದು ನಿಂತರಂತೆ. ನಿಮ್ಮಲ್ಲಿ ಎಲ್ಲ ಕೈಗಳೂ ಹೀಗೇನಾ ಎಂದು ಆಕೆ ಕೇಳಿದರು. ಈ ಮಾತು ಸಾಹೇಬರ ಕಿವಿಗೆ ಬಿದ್ದರೆ ಆ ಕುರ್ಚಿಗೆ ಎಳ್ಳುನೀರು ಬಿಟ್ಟ ಹಾಗೆಯೇ.

ಬಣ್ಣ ನೋಡುವುದಕ್ಕೆ ಕರೆದರೆ ಅವರು ಬರಲೇ ಇಲ್ಲ, ನಾವು ಅಂದಾಜಿನ ಮೇಲೆ ಮಾಡಬೇಕಾಯಿತು ಎಂದುಬಿಟ್ಟೆ.

ಬಾಯಿಂದ ಅದು ಬಂದದ್ದು ಹೇಗೆಂದರೆ, ನಿಜಕ್ಕೆ ಕೂಡ ಅಷ್ಟು ಸಲೀಸಾಗಿ ಬಾಯಿ ತೆರೆಯುವುದಿಲ್ಲ. ಆ ಕಡೆಯಿಂದ ಒಂದು ನಿಟ್ಟುಸಿರು. ಹಾಗೇ ಇರಬೇಕೆಂದು ನಾನೂ ಅಂದುಕೊಂಡಿದ್ದೆ, ಅವರ ಜನ ಗೊತ್ತಲ್ಲ ಎಂದರು ಹೆಡ್‌ಮಿಸ್. ಗೊತ್ತಲ್ಲ ಎಂದು ನಾನೂ ಹೇಳಿದೆ. ಅವರು ಥ್ಯಾಂಕ್ಸ್ ಹೇಳಿ ಫೋನ್ ಇಟ್ಟರು. ಸಾಹೇಬರು ಬಂದ ಮೇಲೆ ಅವರಿಗೂ ಅದನ್ನೇ ಒಪ್ಪಿಸಿದೆ. ತಲೆಯಾಡಿಸಿದರು.

ಒಂದು ಪ್ರಶ್ನೆಯನ್ನೂ ಇಬ್ಬರೂ ಕೇಳಲಿಲ್ಲ. ರಾತ್ರಿ ಊಟ ಸೇರಲಿಲ್ಲ, ಗ್ಯಾಸು.

ಮಾರ್ಚ್ ೧೯, ಬುಧವಾರ

ಬಿಪಿ ಮತ್ತೆ ಏರಿದೆ. ಇದರಲ್ಲಿ ಬರೆದರೂ ಏರುತ್ತದೆ. ಡಾಕ್ಟರ ಮಾತು ಕಟ್ಟಿಕೊಂಡು ಏನಾಗಬೇಕಿದೆ?

ಮಾರ್ಚ್ ೨೧, ಶುಕ್ರವಾರ

ಆ ಹೆಂಗಸು ನಾನು ಮಾಡಿದ ಕೈಯನ್ನು ಒಂದು ಟವೆಲಿನಲ್ಲಿ ಸುತ್ತಿಕೊಂಡು ನೇರ ಸಾಹೇಬರ ಕೋಣೆಗೇ ಹೋದಳು. ಸ್ವಲ್ಪ ಹೊತ್ತಿನಲ್ಲಿ ನನಗೂ ಕರೆ ಬಂತು. ಕೈ ಮೇಜಿನ ಮೇಲಿತ್ತು. ಸಾಹೇಬರು ಅದನ್ನೊಮ್ಮೆ, ಆಕೆಯ ಕೈಯನ್ನೊಮ್ಮೆ ನೋಡಿ ನನ್ನನ್ನು ನೋಡಿದರು. ಬೈಯಲಿಲ್ಲ. ಇನ್ನೊಂದು ಮಾಡಿ, ಕಿಟಕಿಯ ಬಳಿ ಕೂರಿಸಿ, ಹೇಗೆ ಮಾಡಬೇಕೋ ಹಾಗೆ ಮಾಡಿ ಎಂದರು.

ಅಷ್ಟಕ್ಕೇ ಬಿಟ್ಟಿದ್ದರೆ ಸರಿಯಿತ್ತು. ಆಕೆಯ ಕಡೆ ತಿರುಗಿ, ಈ ಸಲ ಕರೆದಾಗ ತಪ್ಪಿಸಬೇಡಿ ಎಂದು ನಯವಾಗಿ ಹೇಳಿದರು. ಆಕೆಗೆ ತಲೆಬುಡ ತಿಳಿಯಲಿಲ್ಲ. ನಾನು ಯಾವತ್ತು ತಪ್ಪಿಸಿದ್ದೇನೆ ಎಂದು ಕೇಳಿದಳು. ಸಾಹೇಬರು ನಕ್ಕರು. ಹೋಮ್‌ವರ್ಕ್ ಮಾಡದ ಮಗು ನೆಪ ಹೇಳಿದಾಗ ದೊಡ್ಡವರು ನಗುತ್ತಾರಲ್ಲ, ಆ ನಗು.

ನಾನು ನೆಲ ನೋಡುತ್ತಾ ನಿಂತಿದ್ದೆ.

ಮಾರ್ಚ್ ೨೪, ಸೋಮವಾರ

ಮೊದಲ ದಿನ ಕಿಟಕಿಯಲ್ಲಿ. ಆಕೆಯ ಕೈ ನನ್ನ ಕೈಯಲ್ಲಿ. ಬೆಚ್ಚಗಿತ್ತು, ಒಣಗಿತ್ತು, ತೂಕವಾಗಿತ್ತು. ನಾನು ಏನನ್ನು ನಿರೀಕ್ಷಿಸಿದ್ದೆನೋ ಗೊತ್ತಿಲ್ಲ. ಆಕೆ ಹೋದ ಮೇಲೆ ಸೋಪು ಹಾಕಿ ಕೈ ತೊಳೆದುಕೊಂಡೆ. ಬಣ್ಣ ಮೆತ್ತಿತ್ತು.

ಮಾರ್ಚ್ ೨೫, ಮಂಗಳವಾರ

ಇವತ್ತು ಒಂದು ನೋಡಿದೆ. ನಾನು ಕೈ ಬಿಟ್ಟ ಕೂಡಲೇ ಆಕೆ ಸೊಂಟದಿಂದ ಕರ್ಚೀಫು ತೆಗೆದು, ತೊಡೆಯ ಮೇಲೆ ಹರಡಿ, ತನ್ನ ಕೈ ಒರೆಸಿಕೊಂಡಳು. ಚೆನ್ನಾಗಿ, ಬೆರಳ ಸಂದಿಯನ್ನೆಲ್ಲ. ನನಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ನನ್ನ ಕೈಗೆ ಏನಾಗಿದೆ? ನಾನು ದಿನಕ್ಕೆ ಇಪ್ಪತ್ತು ಸಲ ಕೈ ತೊಳೆಯುವವಳು.

ಕೇಳಿಯೇಬಿಟ್ಟೆ. ನಿಮ್ಮ ಕೈಗೆ ಬೆವರು, ಸೀಮೆಎಣ್ಣೆ ವಾಸನೆ ಎಂದಳು. ಅದು ಸೀಮೆಎಣ್ಣೆಯಲ್ಲ, ಬಣ್ಣ ತೆಳು ಮಾಡುವ ದ್ರಾವಣ ಎಂದು ವಿವರಿಸಬೇಕಾಯಿತು. ಹೌದಾ, ನಿಮ್ಮ ಜನರ ಮೈವಾಸನೆಯೇ ಹಾಗೆ ಅಂದುಕೊಂಡಿದ್ದೆ ಎಂದಳು, ನಗದೆ. ತಮಾಷೆಯೋ ನಿಜವೋ ಇನ್ನೂ ಗೊತ್ತಾಗಿಲ್ಲ.

ಮಾರ್ಚ್ ೨೭, ಗುರುವಾರ

ಕಪ್ಪಿನ ಡಬ್ಬಿಯನ್ನು ಮುಚ್ಚಿಟ್ಟೆ. ಈ ಕೈಗೆ ಕಪ್ಪು ಬೇಕಾಗಿಯೇ ಇಲ್ಲ. ಕೆಳಗೆ ಒಂದು ಹಳದಿ ಇದೆ, ಅದರ ಮೇಲೆ ಇಟ್ಟಿಗೆಗೆಂಪು, ಅದರ ಮೇಲೆ ನೀಲಿ ಸೇರಿದ ಕಂದು. ಗೆಣ್ಣುಗಳ ಮೇಲೆ ನೇರಳೆಯ ಒಂದು ಛಾಯೆ, ಬೆರಳು ಮಡಿಸಿದರೆ ಅಲ್ಲಿ ಇನ್ನಷ್ಟು ದಟ್ಟ, ಬಿಚ್ಚಿದರೆ ತಿಳಿ. ಹಿಂಗೈ ಅಂಗೈ ಸೇರುವ ಅಂಚಿನಲ್ಲಿ ಒಂದು ಗೆರೆ ಎಂದುಕೊಂಡಿದ್ದೆ. ಗೆರೆಯೇ ಅಲ್ಲ, ಬಣ್ಣ ಮೆಲ್ಲಗೆ ಮೆಲ್ಲಗೆ ಇಳಿಯುತ್ತದೆ, ಎಲ್ಲಿ ಮುಗಿಯಿತು ಎಂದು ಹೇಳಲಾಗದ ಹಾಗೆ. ಅದೊಂದು ಅಂಚಿಗೇ ಇಡೀ ಬೆಳಿಗ್ಗೆ ಹೋಯಿತು. ಊಟದ ಗಂಟೆ ಹೊಡೆದದ್ದೂ ಗೊತ್ತಾಗಲಿಲ್ಲ. ಈ ಕೆಲಸಕ್ಕೆ ಸೇರಿದ ಹೊಸದರಲ್ಲಿ ಹೀಗಾಗುತ್ತಿತ್ತು.

ಮಾತು ಬಂತು. ತನ್ನ ತರಗತಿಯ ಮಕ್ಕಳ ಕಥೆಯೇ ಆಕೆಗೆ. ಒಬ್ಬಳು ಚಪ್ಪಲಿ ಬಿಚ್ಚುವುದೇ ಇಲ್ಲವಂತೆ, ಕಾಲು ಕಳೆದುಹೋಗುತ್ತದೆಂದು ಭಯವಂತೆ. ಇನ್ನೊಬ್ಬ ಹುಡುಗ, ಟೀಚರಿಗೆ ಮದುವೆಯಾಗಬೇಕೆಂದಿದ್ದರೆ ತಾನು ದೊಡ್ಡವನಾಗುವವರೆಗೂ ಕಾಯಬೇಕೆಂದು ಹೇಳಿದ್ದಾನಂತೆ. ನನಗೆ ನಗು ತಡೆಯಲಾಗಲಿಲ್ಲ, ಕೈ ಅಲುಗಿ ಬಣ್ಣ ಚೆಲ್ಲಿತು. ಈ ಮಕ್ಕಳನ್ನು ಬಿಟ್ಟು ಉಗ್ರಾಣದಲ್ಲಿ ಚಾಪೆ ಎಣಿಸಿಕೊಂಡು ಕೂರಬೇಕಾದರೆ ನಾನು ಸತ್ತೇಹೋಗುತ್ತೇನೆ ಎಂದಳು ಆಕೆ. ಮಾಮೂಲಿ ಮಾತಿನ ಹಾಗೆಯೇ ಹೇಳಿದಳು.

ಆಮೇಲೆ ಜಗಳವೂ ಆಯಿತು ಅನ್ನಿ. ನಮ್ಮ ಜನ ನಗುವಾಗಲೇ ತಮ್ಮವರು ಹೆಚ್ಚು ಹುಷಾರಾಗಿರಬೇಕೆಂದು ಆಕೆಯ ತಾಯಿ ಚಿಕ್ಕಂದಿನಿಂದ ಹೇಳಿಕೊಟ್ಟಿದ್ದಾಳಂತೆ. ಎದುರಿಗೊಂದು, ಬೆನ್ನಹಿಂದೆ ಒಂದು ಮಾತಾಡುವವರಂತೆ ನಾವು. ನನಗೆ ರೇಗಿಹೋಯಿತು. ಯಾರೋ ಒಬ್ಬಿಬ್ಬರು ಹಾಗಿದ್ದಾರು, ಅದಕ್ಕೆ ಇಡೀ ಜನಾಂಗವನ್ನೇ ಒಂದೇ ತಕ್ಕಡಿಗೆ ಹಾಕಿ ತೂಗುವುದೇ? ಅದನ್ನೇ ಖಡಾಖಂಡಿತವಾಗಿ ಹೇಳಿದೆ. ಆಕೆ ನನ್ನನ್ನು ಬಹಳ ಹೊತ್ತು ನೋಡಿ, ಹೌದು, ತಪ್ಪು ಅದು ಎಂದಳು. ಸದ್ಯ, ಒಪ್ಪಿಕೊಂಡಳಲ್ಲ.

ಮನೆಗೆ ಬಂದು ನಮ್ಮವರಿಗೆ ಹೇಳಿದರೆ, ಯಾಕೋ ಈ ಸಲ ಅವರು ನಗಲಿಲ್ಲ.

ಮಾರ್ಚ್ ೩೧, ಸೋಮವಾರ

ಕೈ ಬಂತು. ಇದುವರೆಗೆ ಮಾಡಿದ್ದರಲ್ಲೆಲ್ಲ ಒಳ್ಳೆಯದು. ನಿವೃತ್ತರಾಗುತ್ತಿರುವ ನಮ್ಮ ಹಿರಿಯಕ್ಕ ಕನ್ನಡಕ ಏರಿಸಿ ಎರಡೂ ಕೈ ನೋಡಿ, ಯಾವುದು ಹುಟ್ಟಿದ್ದು, ಯಾವುದು ಮಾಡಿದ್ದು ಎಂದು ಕೇಳಿದರು. ಟೀಚರ್ ತೊಟ್ಟು ಬಿಸಿಲಿಗೆ ಹಿಡಿದರು. ಹಿಂದೆ ತಿರುಗಿಸಿದರು, ಮುಂದೆ ತಿರುಗಿಸಿದರು. ಅಂಗೈಯ ಗೆರೆಗಳನ್ನು ಇನ್ನೊಂದು ಕೈಯ ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದರು. ಆಮೇಲೆ ಒಮ್ಮೆ ಜೋರಾಗಿ ನಕ್ಕುಬಿಟ್ಟರು. ನನ್ನ ಕಣ್ಣು ತುಂಬಿತು. ಇದನ್ನು ಇಲ್ಲಿ ಮಾತ್ರ ಬರೆಯುತ್ತಿದ್ದೇನೆ.

ಅಲ್ಲಿಗೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು.

ಕೈ ಬಂದರೂ ಪ್ರಯೋಜನವಿಲ್ಲವಂತೆ. ಅವರ ತರಗತಿಯನ್ನು ಬೇರೊಬ್ಬರಿಗೆ ಕೊಡುವುದೆಂದು ಹೆಡ್‌ಮಿಸ್ ತೀರ್ಮಾನಿಸಿದ್ದಾರಂತೆ. ತನ್ನ ಕೈ ಮಾಡಿಸಿಕೊಳ್ಳಲು ಹೋಗುವಷ್ಟು ಜವಾಬ್ದಾರಿ ಇಲ್ಲದವಳ ಕೈಗೆ ಮಕ್ಕಳನ್ನು ಹೇಗೆ ಕೊಡಲಿ ಎಂದರಂತೆ. ಕರೆದರೂ ಇವರು ಬರಲಿಲ್ಲವೆಂದು ಇಲ್ಲಿಂದ ಯಾರೋ ಹೇಳಿದ್ದಾರಂತೆ.

"ನಿಮ್ಮ ಸಾಹೇಬರೇ ಇರ್ಬೇಕು. ಅವತ್ತೂ ಹಾಗೇ ಮಾತಾಡಿದ್ರಲ್ಲ," ಎಂದರು ಟೀಚರ್. "ನೀವು ಒಂದು ಸಲ ನನ್ನ ಜೊತೆ ಬನ್ನಿ. ಕರೆದಾಗಲೆಲ್ಲ ಬಂದಿದ್ದೆ ಅಂತ ಹೇಳಿ ಸಾಕು. ನಾನು ಹೇಳಿದ್ರೆ ನಂಬಲ್ಲ. ನೀವು ಹೇಳಿದ್ರೆ ನಂಬ್ತಾರೆ."

ಬರುತ್ತೇನೆ ಎಂದೆ. ಇನ್ನೇನು ಹೇಳಲಿ? ಅವರ ಕೈ ಇನ್ನೂ ನನ್ನ ಕೈಯಲ್ಲೇ ಇತ್ತು, ಮಣಿಕಟ್ಟಿನ ಅಂಚು ಸರಿ ಮಾಡುತ್ತಿದ್ದೆ.

ಸಂಜೆ ಸಾಹೇಬರು ಎಲ್ಲರನ್ನೂ ಸೇರಿಸಿ, ನಾಳೆಯಿಂದ ಬಣ್ಣದ ಕೋಣೆಗೆ ನಾನೇ ಮುಖ್ಯಸ್ಥೆ ಎಂದು ಹೇಳಿದರು. ಆ ಕೈಯನ್ನೇ ಎತ್ತಿ ಹೊಗಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಏಪ್ರಿಲ್ ೧, ಮಂಗಳವಾರ

ನಮ್ಮವರಿಗೆ ಎಲ್ಲ ಹೇಳಿದೆ. ತಟ್ಟೆ ಮುಂದಿಟ್ಟುಕೊಂಡು ಕೇಳಿದರು. ಬೈದಿದ್ದರೆ ಹಗುರಾಗುತ್ತಿತ್ತೇನೋ. ಅವರದ್ದು ಅಂಚೆ ಕಚೇರಿಯ ಬುದ್ಧಿ. ನಮ್ಮಲ್ಲಿ ಏನೋ ಹೆಚ್ಚುಕಡಿಮೆಯಾಗಿ ಗೊಂದಲವಾಯಿತು, ಇವರು ಬಂದಿದ್ದರು ಎಂದು ಹೇಳಿಬಿಡು, ಯಾರ ತಪ್ಪು ಎಂದು ಯಾರೂ ಕೇಳುವುದಿಲ್ಲ, ಅವರ ಕೆಲಸವೂ ಉಳಿಯುತ್ತದೆ, ನಿನ್ನ ಕುರ್ಚಿಯೂ ಉಳಿಯುತ್ತದೆ ಎಂದರು.

ಅದೇ ಸರಿ. ಗೊಂದಲವಾಯಿತು ಎಂದರೆ ಸುಳ್ಳೂ ಅಲ್ಲ.

ಏಪ್ರಿಲ್ ೩, ಗುರುವಾರ

ಹೆಡ್‌ಮಿಸ್ ಎದ್ದು ನಿಂತು ನನ್ನನ್ನು ಬರಮಾಡಿಕೊಂಡರು. ನನಗೆ ಕುರ್ಚಿ ತೋರಿಸಿದರು, ಚಹಾ ತರಿಸಿದರು. ಚಹಾ ಎರಡೇ ಲೋಟ ಬಂತು. ಟೀಚರ್ ಬಾಗಿಲ ಪಕ್ಕದಲ್ಲಿ ನಿಂತೇ ಇದ್ದರು. ಅಲ್ಲಿ ಇನ್ನೊಂದು ಕುರ್ಚಿಯಿತ್ತು, ಅದರ ಮೇಲೆ ಮಕ್ಕಳ ಗೊಂಬೆಗಳನ್ನು ಪೇರಿಸಿತ್ತು. ಯಾರೂ ಅದನ್ನು ತೆಗೆಯಲಿಲ್ಲ.

ನಾನು ಅಭ್ಯಾಸ ಮಾಡಿಕೊಂಡು ಬಂದದ್ದನ್ನು ಹೇಳಿದೆ. ಗೊಂದಲವಾಗಿತ್ತು, ಇವರು ಬಂದಿದ್ದರು, ನಮ್ಮ ಕಡೆಯಿಂದಲೇ ಹೆಚ್ಚುಕಡಿಮೆ. ಹೆಡ್‌ಮಿಸ್ ತಲೆ ಓರೆ ಮಾಡಿ ಕೇಳಿ ನಕ್ಕರು. ನಿಮ್ಮದು ಮೆದು ಮನಸ್ಸು, ಇವರು ಬಂದು ಗೋಳೋ ಎನ್ನುತ್ತಾರೆ, ನೀವು ಕರಗಿಹೋಗುತ್ತೀರಿ ಎಂದರು. ಫೋನಿನಲ್ಲಿ ನೀವೇ ಹೇಳಿದಿರಲ್ಲ ಬರಲೇ ಇಲ್ಲವೆಂದು, ಆಗ ಹೇಳಿದ್ದೇ ನಿಜ, ಈಗ ನೀವು ಹೇಳುತ್ತಿರುವುದು ಕನಿಕರಕ್ಕೆ. ನನಗೆ ಅರ್ಥವಾಗುತ್ತದೆ ಬಿಡಿ.

ಟೀಚರ್ ಅಲ್ಲೇ ನಿಂತಿದ್ದಾರೆ. ಅವರು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ ಹೆಡ್‌ಮಿಸ್ ಮಾತಾಡುತ್ತಿದ್ದಾರೆ. ಫೋನಿನಲ್ಲಿ ನೀವೇ ಎಂದ ಕೂಡಲೇ ನಾನು ತಿರುಗಿ ನೋಡಬಾರದಿತ್ತು, ನೋಡಿದೆ. ಟೀಚರಿಗೆ ಅರ್ಥವಾಗಿತ್ತು.

ನಾನು ಎದ್ದು ನಿಂತೆ. ಇವರು ಒಂದು ದಿನವೂ ತಪ್ಪಿಸಿಲ್ಲ, ಕೂರಬೇಕಾ ಎಂದು ತಾವಾಗಿಯೇ ಬಂದು ಕೇಳಿದ್ದರು, ನಾನೇ ಕಳಿಸಿದೆ, ಕೈ ಕೆಟ್ಟದ್ದು ನನ್ನಿಂದ, ಫೋನಿನಲ್ಲಿ ಹೇಳಿದ್ದು ಹಸಿ ಸುಳ್ಳು ಎಂದೆ. ಹೆಡ್‌ಮಿಸ್ ಲೋಟ ಕೆಳಗಿಟ್ಟರು. ಯಾಕೆ ಹೇಳಿದಿರಿ ಎಂದು ಕೇಳಿದರು. ಸುಳ್ಳು ಹೇಳುವವರ ಹಾಗೆ ಕಾಣುವುದಿಲ್ಲವಲ್ಲ ನೀವು, ಎಂದೂ ಸೇರಿಸಿದರು.

ಬೇರೆ ಉತ್ತರ ಹುಡುಕಿದೆ. ಬಿಪಿ ಎನ್ನಲೇ, ಕುರ್ಚಿ ಎನ್ನಲೇ? ಅದೆಲ್ಲ ಇತ್ತು, ಆದರೆ ಅದಲ್ಲ.

"ಇವರ ಮಾತು ನೀವು ನಂಬಲ್ಲ, ನನ್ನ ಮಾತು ನಂಬ್ತೀರಿ ಅಂತ ನನಗೆ ಗೊತ್ತಿತ್ತು," ಎಂದೆ. "ಅದಕ್ಕೇ ಹೇಳಿದೆ."

ಹೆಡ್‌ಮಿಸ್ ಮೇಜಿನ ಮೇಲಿದ್ದ ಪೆನ್ಸಿಲುಗಳನ್ನು ಸರಿಪಡಿಸುತ್ತಾ ಕೂತರು. ಕತ್ತಿನವರೆಗೆ ಕೆಂಪಾಗಿದ್ದರು. ನೋಡೋಣ, ತಿಳಿಸುತ್ತೇನೆ ಎಂದು ಕೊನೆಗೆ ಹೇಳಿದ್ದು ಟೀಚರಿಗೆ. ನನ್ನ ಕಡೆ ನೋಡಲಿಲ್ಲ.

ಹೊರಗೆ ಗೇಟಿನ ಬಳಿ ಟೀಚರ್ ನಿಂತರು. ಅವರು ಬೈಯುತ್ತಾರೆಂದು ಕಾದೆ. ಬೈಗುಳ ತಿನ್ನಲು ತಯಾರಾಗಿಯೇ ಇದ್ದೆ.

"ಅಷ್ಟು ದಿನ ನನ್ನ ಕೈ ಹಿಡ್ಕೊಂಡು ಕೂತಿದ್ರಿ," ಎಂದರು. "ಒಂದು ದಿನನಾದ್ರೂ ಹೇಳ್ಬೋದಿತ್ತು."

ಅಷ್ಟೇ. ರಸ್ತೆ ದಾಟಿ ಬಸ್ ಸ್ಟಾಪಿನಲ್ಲಿ ನಿಂತರು. ನನ್ನದೂ ಅದೇ ಬಸ್ಸು. ಆದರೆ ನಾನು ಆ ಕಡೆ ಹೋಗಲಿಲ್ಲ, ನಡೆದೇ ಮನೆಗೆ ಬಂದೆ. ಚಪ್ಪಲಿ ಕಚ್ಚಿ ಹಿಮ್ಮಡಿ ಸುಲಿದಿದೆ.

ಏಪ್ರಿಲ್ ೪, ಶುಕ್ರವಾರ

ಸಾಹೇಬರಿಗೆ ನಾನೇ ಹೇಳಿದೆ, ಇನ್ನೊಬ್ಬರ ಬಾಯಿಂದ ಕೇಳುವುದು ಬೇಡವೆಂದು. ಅವತ್ತು ಆಕೆ ತಪ್ಪಿಸಿಲ್ಲ ಎಂದಾಗ ನಾನು ನಕ್ಕೆನಲ್ಲ ಎಂದು ಸಾಹೇಬರು ತಮಗೆ ತಾವೇ ಎಂಬಂತೆ ಹೇಳಿದರು. ಆಮೇಲೆ, ಮುಖ್ಯಸ್ಥೆಯ ಕೆಲಸ ನಮ್ಮ ಬಣ್ಣದ ಕೋಣೆಯ ಕಿರಿಯಳಿಗೆ, ನಾನು ಸದ್ಯಕ್ಕೆ ಪ್ಲಾಸ್ಟರ್ ಕೋಣೆಗೆ ಎಂದರು. ಸರಿ ಎಂದೆ. ಸರಿಯೇನೂ ಅನ್ನಿಸುತ್ತಿಲ್ಲ, ಹೊಟ್ಟೆ ಉರಿಯುತ್ತಿದೆ. ಆ ಕಿರಿಯಳಿಗೆ ಹಸಿರಿಗೂ ನೀಲಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ.

ಅಚ್ಚಿನಣ್ಣ ಪ್ಲಾಸ್ಟರ್ ಕಲಸುತ್ತಾ, ಒಬ್ಬ ಹಡಗಿನವಳಿಗೋಸ್ಕರ ಇಷ್ಟೆಲ್ಲ ಬೇಕಿತ್ತಾ ಅಕ್ಕ ಎಂದ. ಟೀಚರ್ ಅಂತ ಕರೆಯೋಕೆ ನಿನ್ನ ನಾಲಿಗೆ ಸವೆಯುತ್ತಾ ಎಂದು ಸಿಡುಕಿದೆ. ಅವನು ಹೆದರಿ ಬಕೆಟ್ಟು ಚೆಲ್ಲಿಕೊಂಡ. ಕೂಗಾಡಬಾರದೆಂದು ಡಾಕ್ಟರು ಹೇಳಿದ್ದರು, ಆದರೂ ಕೂಗಿದ್ದಾಯಿತು.

ಏಪ್ರಿಲ್ ೭, ಸೋಮವಾರ

ಇವತ್ತು ಶಾಲೆ ಶುರು. ಅವರಿಗೆ ತರಗತಿ ಕೊಟ್ಟರೋ, ಉಗ್ರಾಣದ ಬೀಗದ ಕೈ ಕೊಟ್ಟರೋ? ಯಾರನ್ನು ಕೇಳಲಿ? ಫೋನ್ ರಿಂಗಾದಾಗಲೆಲ್ಲ ಪ್ಲಾಸ್ಟರ್ ಕೈಯಲ್ಲೇ ಬಾಗಿಲವರೆಗೆ ಹೋಗಿ ಬಂದೆ. ಯಾವ ಫೋನೂ ಆ ವಿಷಯದ್ದಲ್ಲ.

ಏಪ್ರಿಲ್ ೧೬, ಬುಧವಾರ

ಮಧ್ಯಾಹ್ನ ಟೀಚರ್ ಬಂದರು. ಬಣ್ಣದ ಕೋಣೆಗೇ ಹೋಗಿದ್ದರು. ಹೆಬ್ಬೆರಳ ಬುಡದಲ್ಲಿ ಸಿಲಿಕಾನ್ ಸಣ್ಣಗೆ ಹರಿದಿತ್ತು. ಕಿರಿಯಳು ಬಣ್ಣ ಹೊಂದಿಸಲು ನೋಡಿ, ಆಗದೆ, ಇದು ಅಕ್ಕನ ಕೈಕೆಲಸ, ಅವರಿಗೇ ಬಗ್ಗುವುದು ಎಂದು ಪ್ಲಾಸ್ಟರ್ ಕೋಣೆಗೆ ಕಳಿಸಿದಳು. ಅವರು ಬಾಗಿಲಲ್ಲಿ ನನ್ನನ್ನು ಕಂಡು ಒಂದು ಗಳಿಗೆ ವಾಪಸು ಹೋಗುವವರಂತೆ ನಿಂತರು. ಆಮೇಲೆ ಒಳಗೆ ಬಂದರು. ನಾನು ಕುರ್ಚಿಯ ಮೇಲಿನ ಧೂಳು ಒರೆಸಿ ಬೆಳಕಿಗೆ ಎಳೆದು ಹಾಕಿದೆ. ಕೂತರು.

ಹೇಗಿದ್ದೀರಿ ಎಂದು ಕೇಳುವ ಧೈರ್ಯ ಬರಲಿಲ್ಲ. ಅವರು ಕೈ ಬಿಚ್ಚಿ ಮೇಜಿನ ಮೇಲಿಟ್ಟರು. ತಿರುಗಿಸಿದೆ.

ಮಣಿಕಟ್ಟಿನ ಮೇಲೆ ಒಂದು ಗಡಿಯಾರ ಬರೆದಿತ್ತು. ನೀಲಿ ಬಾಲ್‌ಪೆನ್ನಿನಲ್ಲಿ, ಒತ್ತಿ ಒತ್ತಿ. ದುಂಡಗೆ ಬರೆಯಲು ಹೋಗಿ ಆಲೂಗಡ್ಡೆಯಂತಾಗಿದೆ. ಪಟ್ಟಿಯೂ ಇದೆ, ಪಟ್ಟಿಗೆ ತೂತುಗಳೂ ಇವೆ. ಮುಳ್ಳು ಮೂರು, ಅಂಕಿಗಳಲ್ಲಿ ಒಂದೆರಡು ತಿರುವುಮುರುವು. ಬರೆಯುವವರಿಗೆ ಅನುಕೂಲವಾಗಲೆಂದು ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ ಗುರುತು, ಜಿಗುಟಿನ ಐದು ಪುಟ್ಟ ಬೆರಳಚ್ಚುಗಳು, ಅಂಗೈಯ ಮೇಲೆ ಹಾಗೇ ಇದ್ದವು.

ಏನಾದರೂ ಕೆಲಸ ಮಾಡಬೇಕಲ್ಲ ಎಂದು ಹತ್ತಿಗೆ ಸ್ಪಿರಿಟ್ ಹಾಕಿದೆ. ಸಿಲಿಕಾನಿಗೆ ಬಾಲ್‌ಪೆನ್ನಿನ ಶಾಯಿ ಇಳಿದುಬಿಟ್ಟರೆ ಹೋಗುವುದಿಲ್ಲ, ಈಗಲೇ ಒರೆಸಿದರೆ ಉಂಟು ಎಂದು ಹೇಳುತ್ತಾ ಹತ್ತಿಯನ್ನು ಗಡಿಯಾರದ ಹತ್ತಿರ ಒಯ್ದೆ.

ಟೀಚರ್ ಮೇಜಿನಾಚೆಯಿಂದ ಕೈ ಚಾಚಿ ನನ್ನ ಮಣಿಕಟ್ಟು ಹಿಡಿದರು. ಬಿಗಿಯಾಗಿ.

"ಅದನ್ನ ಮುಟ್ಟಬೇಡಿ," ಎಂದರು.

ಹತ್ತಿ ಕೆಳಗಿಟ್ಟೆ. ಹೆಬ್ಬೆರಳು ಮಾತ್ರ ಸರಿಮಾಡಿ ಕೊಟ್ಟೆ. ಅವರು ತೊಟ್ಟುಕೊಂಡು ಹೋದರು.